ಮೂರು ಉಗುರಿನ ಗುರುತು

ಮಾರ್ಚ್ ೧೨, ಬೆಳಗ್ಗೆ

ನನ್ನ ಚಿನಕುರುಳಿ ತಂಗಿಗೆ ಅಣ್ಣನ ಆಶೀರ್ವಾದ.

ಸಿಟ್ಟಿನಲ್ಲಿ ಈ ಪತ್ರವನ್ನು ಒಲೆಗೆ ಹಾಕಬೇಡ. ಹಾಕುವುದಾದರೂ ಓದಿ ಹಾಕು.

ನಿನಗೆ ಎಂಟು ವರ್ಷವಿದ್ದಾಗ ನಮ್ಮ ಮಡಕೆಗಳೂ ದೊಡ್ಡಪ್ಪನ ಮಡಕೆಗಳೂ ಒಂದೇ ಆವಿಗೆಯಲ್ಲಿ ಬೇಯುತ್ತಿದ್ದವು. ಹೊರಗೆ ತೆಗೆದ ಮೇಲೆ ಯಾವುದು ಯಾರದೆಂದು ಪ್ರತಿ ಸಲ ಜಗಳ. ನೀನು ನಮ್ಮ ಹಸಿ ಮಡಕೆಗಳ ಕೊರಳಿಗೆ ಮೂರು ಉಗುರು ಒತ್ತಿ, ಈಗ ಜಗಳ ಆಡಿ ನೋಡೋಣ ಅಂದೆ. ಅಪ್ಪ ನಕ್ಕರು. ಅಂದಿನಿಂದ ಅದೇ ನಮ್ಮ ಮನೆಯ ಗುರುತಾಯಿತು.

ಆಮೇಲೆ ಗುಡ್ಡದಲ್ಲಿ ಹೂತುಹೋಗಿದ್ದ ಹಳೆಯ ಕಾಲದ ಊರನ್ನು ಅಗೆದು ತೆಗೆದರು. ನೋಡಲು ಬಂದವರು ನಮ್ಮ ಮಡಕೆ ಎತ್ತಿ, ಈ ಗುರುತು ಆ ಕಾಲದ್ದೇನು ಎಂದು ಕೇಳುತ್ತಿದ್ದರು. ಹೌದು ಅಂದವನು ನಾನೇ. ಊರಿನ ಕುಂಬಾರರೆಲ್ಲ ಅದನ್ನೇ ಒತ್ತತೊಡಗಿದರು. ಅವರ ಸಂಘದವರು ಮಡಕೆಗೆ ಅಂಟಿಸುವ ಚೀಟಿಯಲ್ಲಿ ಅಚ್ಚು ಹಾಕಿಸಿದರು: 'ಎರಡು ಸಾವಿರ ವರ್ಷದ ಗುರುತು.' ಸಾಕ್ಷಿಗೆಂದು ಆ ಗುರುತಿದ್ದ ಹಳೆಯ ಚೂರೊಂದನ್ನು ಸಂಘದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಈಗ ನೆಟ್ಟಗೆ ಒಂದು ಮುಚ್ಚಳ ಮಾಡಲು ಬಾರದವನೂ ತಾನು ಆ ವಂಶದವನೆಂದು ಎದೆಯುಬ್ಬಿಸಿ ತಿರುಗುತ್ತಾನೆ.

ಹೋದ ವಾರ ನೀನು ಗಂಡನ ಊರಿನಿಂದ ಆ ಅಂಗಡಿಗೆ ಮಾರಲು ಗಾಡಿ ತುಂಬ ಮಡಕೆ ತಂದೆ. ಸಂಘದ ಅಧ್ಯಕ್ಷ ಒಂದರ ಕೊರಳು ನೋಡಿ, ಹೊರಗಿನವರು ನಮ್ಮ ಹಿರಿಯರ ಗುರುತು ಕದಿಯುವಂತಿಲ್ಲ ಎಂದ. ನೀನು ನಕ್ಕುಬಿಟ್ಟೆ.

"ನಮ್ಮಣ್ಣನ್ನೇ ಕೇಳಿ, ಅವನಿಗೆ ಗೊತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂಗೈಯ ಮಣ್ಣು ಉಜ್ಜುತ್ತ ಹೇಳಿದೆ, "ಅದು ಹಿರಿಯರ ಗುರುತೇ, ತಂಗಿ."

ನೀನು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಒಂದೊಂದೇ ಮಡಕೆಗೆ ಹುಲ್ಲು ಸುತ್ತಿ ಮತ್ತೆ ಗಾಡಿಗಿಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ನಿಜ ಹೇಳಿಬಿಡೋಣವೆಂದು ಸಂಘಕ್ಕೆ ಎರಡು ಸಲ ಹೋದೆ. ಎರಡು ಸಲವೂ ಬಿಸಿಲಿನ ಮಾತಾಡಿ ಬಂದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ: ಆ ಗುರುತು ನಿನ್ನದು. ಈ ಪತ್ರವನ್ನು ಅಧ್ಯಕ್ಷನ ಮುಂದೆ ಇಡು. ಆಮೇಲೆ ಊರಿನ ಮಡಕೆ ಕೇಳುವವರಿಲ್ಲದೆ ಹೋದರೆ ಬೈಗುಳವೆಲ್ಲ ನನಗಿರಲಿ.

ಬೇಕಾದಾಗ ಬಾಯಿ ಬಿಡದ,
ನಿನ್ನ ಬಾಯಾಳಿ ಅಣ್ಣ

ಬರೆಯಲೋ ಬೇಡವೋ ಎಂದು ಉಳಿಸಿದ್ದು: ಗಾಜಿನ ಪೆಟ್ಟಿಗೆಯ ಆ ಚೂರು ಗುಡ್ಡದಲ್ಲಿ ಸಿಕ್ಕಿದ್ದಲ್ಲ. ಚಿಕ್ಕವಳಿದ್ದಾಗ ನೀನು ಒಡೆದ ಅಮ್ಮನ ಹೂಜಿಯದು. ಅಪ್ಪ ನಿನ್ನನ್ನು ಹೊಡೆಯಬಾರದೆಂದು ಹಿತ್ತಿಲಲ್ಲಿ ಹೂತವನು ನಾನು. ಅಗೆದು ಸಂಘಕ್ಕೆ ಕೊಟ್ಟವನೂ ನಾನು. ಉಳಿದ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಇದರ ಜೊತೆ ಕಳಿಸಿದ್ದೇನೆ. ಅವರ ಮುಂದೆಯೇ ಜೋಡಿಸಿ ತೋರಿಸು. ಕೂಡುತ್ತವೆ.