ಐಸ್ ಬಾಕ್ಸಿನ ಪಾರುಪತ್ಯ

ಮೇ 9, ಬೆಳಗ್ಗೆ

ಮತ್ತೆ ಟೆಂಟ್ ಕಿತ್ತು ಮರಗಳ ಪಶ್ಚಿಮಕ್ಕೆ ಹಾಕಿಸಿದ್ದಾಯಿತು. ಇನ್ನು ಬೆಳಗಿನ ಬಿಸಿಲು ಒಳಗೆ ನುಗ್ಗುವುದಿಲ್ಲ. ಬಾಗಿಲು ಕೆರೆಯ ಗಾಳಿಗೆ. ಮೇಲಿನ ಹೊದಿಕೆ ತೆಗೆಸಿ ಬರೀ ಸೊಳ್ಳೆಬಲೆ ಬಿಟ್ಟೆ. ಆದರೂ ಸೆಖೆ... ನಿನ್ನೆ ಹರವಿದ ಟವೆಲ್ ಇನ್ನೂ ಒದ್ದೆ. ಭಾವ ದಪ್ಪ ಸ್ಲೀಪಿಂಗ್ ಬ್ಯಾಗ್ ತಂದಿದ್ದಾರೆ, ಪುಣ್ಯಾತ್ಮರು. ಕಸಿದುಕೊಂಡು ತೆಳು ಹತ್ತಿ ಬೆಡ್‌ಶೀಟ್ ಕೊಟ್ಟೆ.

"ಹಾಸ್ಟೆಲ್ ಬಿಟ್ಟು ಬಂದ್ರೂ ವಾರ್ಡನ್‌ಗಿರಿ ಬಿಡಲ್ಲ ನೀನು," ಅಂತ ಅಕ್ಕ ನಕ್ಕಳು.

ಬಿಡುವುದು ಹೇಗೆ? ಐಸ್ ಬಾಕ್ಸ್ ನನ್ನ ಸುಪರ್ದಿ. ಮುಚ್ಚಳ ತೆಗೆಯಬೇಡಿ ಎಂದು ಇಬ್ಬರಿಗೂ ಹೇಳಿದ್ದೆ. ಈಗ ನೋಡಿದರೆ ಐಸ್ ಅರ್ಧಕ್ಕಿಳಿದಿದೆ. ಕರಗಿದ್ದಲ್ಲ — ಯಾರೋ ಒಡೆದ ಗುರುತು.

ಮಧ್ಯಾಹ್ನ

ಕಣ್ಣಾರೆ ಕಂಡೆ. ಭಾವ ಐಸ್ ಒಡೆದು ಸ್ಟೀಲ್ ಫ್ಲಾಸ್ಕಿಗೆ ತುಂಬುತ್ತಿದ್ದರು. ನಾನು ಬಂದದ್ದೇ ಫ್ಲಾಸ್ಕ್ ಟವೆಲಿನೊಳಗೆ.

"ಏನ್ ಭಾವ ಅದು?"

"ತಣ್ಣೀರು."

ತಣ್ಣೀರನ್ನು ಯಾರಾದರೂ ಬಚ್ಚಿಡುತ್ತಾರಾ? ಭಾವ ಕುಡಿತ ಬಿಟ್ಟು ಎರಡು ವರ್ಷ. ಆಗ ಅಕ್ಕ ನನ್ನೆದುರಿಗೇ ಹೇಳಿದ್ದಳು — "ಇನ್ನೊಂದ್ಸಲ ಬಾಟ್ಲಿ ಮುಟ್ಟಿದ್ರೆ ನಾನು ಈ ಮನೇಲಿರಲ್ಲ." ಹೇಳಿದ್ದನ್ನು ಮಾಡುವವಳೇ. ಅದೇ ನನಗೆ ಭಯ.

ಊಟಕ್ಕೆ ಮೊದಲು ಫ್ಲಾಸ್ಕ್ ಹಿಡಿದು ಟೆಂಟಿಗೆ ಹೋಗಿ ಜಿಪ್ ಎಳೆದುಕೊಂಡರು. ಈ ಸೆಖೆಯಲ್ಲಿ ಜಿಪ್. ಅಕ್ಕ ಒಳಗೇ ಮಲಗಿದ್ದಳು. ಪಾಪ, ನಿದ್ದೆಗಣ್ಣಿಗೆ ಏನು ಗೊತ್ತಾದೀತು.

ಮೇ 10, ಬೆಳಗ್ಗೆ

ಅಕ್ಕ ಕೆರೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಮಯ ನೋಡಿ ಕೇಳಿಯೇ ಬಿಟ್ಟೆ.

"ಭಾವ, ಮತ್ತೆ ಶುರು ಹಚ್ಕೊಂಡ್ರಾ?"

ಅಕ್ಕನತ್ತ ನೋಡಿದರು. ಆಮೇಲೆ, "ಹೂಂ, ಹಾಗೇ ಅಂದ್ಕೊ. ನಿಮ್ಮಕ್ಕನ ಹತ್ರ ಎತ್ಬೇಡ."

ಮೈಯೆಲ್ಲ ಉರಿಯಿತು. ಹಾಸ್ಟೆಲಿನಲ್ಲಿ ಹುಡುಗಿಯರ ಬ್ಯಾಗಿನಲ್ಲಿ ಸಿಕ್ಕಿದ್ದನ್ನು ನಾನು ಬಿಚ್ಚಿ ನೋಡುವುದಿಲ್ಲ. ಬಿಚ್ಚಿದರೆ ಮಾತು ಬೆಳೆಯುತ್ತದೆ, ಅಳು ಶುರುವಾಗುತ್ತದೆ. ಸೀದಾ ವಿಲೇವಾರಿ. ಭಾವ ಸೌದೆಗೆ ಹೋದದ್ದೇ ಟವೆಲಿಗೆ ಒಂದು ಕಲ್ಲು ಸೇರಿಸಿ, ಫ್ಲಾಸ್ಕ್ ಸಮೇತ ಗಂಟು ಕಟ್ಟಿ ಕೆರೆಗೆಸೆದೆ. ಪೀಡೆ ತೊಲಗಿತು. ಅಕ್ಕನ ಸಂಸಾರ ಉಳಿಯಿತು.

ಮಧ್ಯಾಹ್ನ

ಅದರಲ್ಲಿದ್ದದ್ದು ಅಕ್ಕನ ಇನ್ಸುಲಿನ್. ಊಟಕ್ಕೆ ಮೊದಲು ಭಾವ ಫ್ಲಾಸ್ಕ್ ಹುಡುಕಾಡಿದಾಗ ಕೆರೆಗೆಸೆದೆ ಎಂದೆ, ಆಗ ಹೊರಬಿತ್ತು. ಈ ಸೆಖೆಯಲ್ಲಿ ಹೊರಗಿಟ್ಟರೆ ಕೆಡುತ್ತದಂತೆ. ಎಷ್ಟೋ ತಿಂಗಳಿಂದ ಊಟಕ್ಕೆ ಮೊದಲು ಚುಚ್ಚಿಕೊಳ್ಳುತ್ತಿದ್ದಾಳೆ. ಒಡಹುಟ್ಟಿದವಳು ನಾನು, ನನಗೇ ಗೊತ್ತಿಲ್ಲ.

"ನಿನಗೆ ಹೇಳಿದ್ರೆ ನನ್ನ ತಟ್ಟೆಗೂ ವಾರ್ಡನ್ ಆಗ್ತಿದ್ದೆ ಕಣೆ. ಅದಕ್ಕೇ ಬಾಯಿ ಬಿಡಬೇಡಿ ಅಂತ ಅವರ ಹತ್ರ ಆಣೆ ಮಾಡಿಸ್ಕೊಂಡಿದ್ದೆ."

ಭಾವ ಒಂದು ಮಾತೂ ಬೈಯಲಿಲ್ಲ. ಔಷಧಿಗೆಂದು ಕಾರು ತೆಗೆದು ಪೇಟೆಗೆ ಹೋದರು. ಪೇಟೆ ಹತ್ತಿರದಲ್ಲಿಲ್ಲ. ಅಕ್ಕ ಉಂಡಿಲ್ಲ. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿದೆ ಅನ್ನುತ್ತಾಳೆ. ಅವಳ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ ಬೀಸುತ್ತಾ ಕೂತಿದ್ದೇನೆ.

ಸಂಜೆ

"ಎಸೆಯೋಕ್ಮುಂಚೆ ಅವರನ್ನ ಒಂದು ಮಾತು ಕೇಳಿದ್ಯಾ?" ಅಂದಳು ಅಕ್ಕ.

ಕೇಳಿದ್ದೆ. ಕುಡಿಯುತ್ತಿದ್ದೇನೆ ಎಂದು ಒಪ್ಪಿಕೊಂಡರು — ಎಂದೆ.

ಅಕ್ಕ ಅತ್ತುಬಿಟ್ಟಳು. "ಬಿಟ್ಟು ಎರಡು ವರ್ಷ ಆಯ್ತು ಅಂತ ಎಷ್ಟು ಹೆಮ್ಮೆ ಗೊತ್ತಾ ಅವರಿಗೆ? ನನ್ನ ಮಾತುಳಿಸೋಕೆ ಕುಡುಕ ಅನ್ನಿಸ್ಕೊಂಡ್ರಾ?"

ಕಾರಿನ ಸದ್ದು. ಅಕ್ಕ ಕಣ್ಣೊರೆಸಿಕೊಂಡು ಎದ್ದು ಕೂತಳು. ನಾನೇ ಮೊದಲು ಹೋಗಬೇಕು. ಹೋಗಿ, ಭಾವನ ಮುಖ ನೋಡಿ ತಪ್ಪಾಯಿತು ಅನ್ನಬೇಕು.