ಬಿಸ್ಕತ್ತಿನ ಡಬ್ಬದ ಮಾತ್ರೆಗಳು

ಹೊಸ ಮನೆಯ ಅಡುಗೆಕಟ್ಟೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಮಾಯವಾಗಿದೆ, ನಿದ್ದೆಯೂ ಭರ್ಜರಿಯಾಗಿ ಬರುತ್ತಿದೆ ಎಂದು ಬರೆದಿದ್ದೀಯಲ್ಲ, ಓದಿ ಕುಣಿದುಬಿಟ್ಟೆ! ಇನ್ನಾದರೂ ಆ ನಿದ್ದೆ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳು. ನಿನ್ನ ಅಳಿಯನ ಭುಜ ಕೂಡುತ್ತಿದೆ. ಲಿಫ್ಟ್ ರಿಪೇರಿ ಮಾಡುವವನು ಮೆಟ್ಟಿಲಲ್ಲಿ ಜಾರಿದನಲ್ಲ ಎಂದು ಗೆಳೆಯರಿಗೆ ಇನ್ನೂ ನಗು. ನಿನ್ನೆ ಒಂದೇ ಕೈಯಲ್ಲಿ ನನಗೆ ಜಡೆ ಹಾಕಿದ, ಅಮ್ಮಾ! ಹಕ್ಕಿಗೂಡಿನಂತಿತ್ತು. ಸಂಜೆಯವರೆಗೂ ಬಿಚ್ಚಲಿಲ್ಲ. (ಹೌದು, ಗಂಡನಿಗೆ ಇನ್ನೂ ಏಕವಚನವೇ. ಬೈಯಬೇಡ.)

ಆದರೆ ನನಗೆ ಮೈಯೆಲ್ಲ ಉರಿಯುತ್ತಿದೆ. ಆಪರೇಷನ್ ಆದಾಗ ಅವನಿಗೆ ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಕೊಟ್ಟಿದ್ದರು. ಬರೆದುಕೊಟ್ಟವರ ಹೊರತು ಇನ್ನಾರೂ ನುಂಗಬಾರದು, ನಿದ್ದೆ ಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು, ಬೀಗ ಹಾಕಿಡಿ ಎಂದು ಡಾಕ್ಟರು ನನಗೇ ಹೇಳಿದ್ದರು. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಷ್ಟಕ್ಕೇ ಅತ್ತೆಯ ಮುಖ ಊದಿತು! "ನಮ್ಮನ್ನೇ ಕಳ್ಳರು ಮಾಡ್ತೀಯೇನಮ್ಮ?" ಈ ಮನೆಯಲ್ಲಿ ಉಳಿದ ಮಾತ್ರೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತವೆ. ಯಾರಿಗೆ ಎಲ್ಲಿ ನೋವೋ ಅವರು ಕೈ ಹಾಕುತ್ತಾರೆ. ಅದು ಪ್ರೀತಿಯಂತೆ! ಕೊನೆಗೆ ನನ್ನ ಗಂಡನೇ, ಆ ಬೆಣ್ಣೆಮುದ್ದೆ, ತನ್ನಮ್ಮನಿಗೆ ಬೇಜಾರಾಗುತ್ತದೆಂದು ಕೀಲಿ ಕೊಟ್ಟುಬಿಟ್ಟ. ಆ ಮಾತ್ರೆಗಳೂ ಡಬ್ಬ ಸೇರಿದವು. ನಾನು ಹೊಸಬಳು. ಬಾಯಿ ಮುಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಮಾವ ಏಳಲಿಲ್ಲ. ಗೊರಕೆ ಮಾತ್ರ ಗೊರಗೊರ ಎಂದು, ಒಂಥರಾ ವಿಚಿತ್ರವಾಗಿತ್ತು. ಅವರು ಬಸ್ಸು ಓಡಿಸಿ ರಿಟೈರ್ ಆದವರಲ್ಲವೇ, "ಅಪ್ಪ ಗೇರ್ ಬದಲಾಯಿಸ್ತಿದ್ದಾರೆ" ಎಂದು ನನ್ನ ಮೈದುನ ನಕ್ಕ. "ಪಾಪ, ಇವತ್ತಾದ್ರೂ ನಿದ್ದೆ ಹತ್ತಿದೆ, ಎಬ್ಬಿಸಬೇಡ" ಎಂದರು ಅತ್ತೆ. ಒಂದು ಗೊರಕೆಗೂ ಮುಂದಿನದಕ್ಕೂ ನಡುವೆ ಅಷ್ಟು ಹೊತ್ತು ಏನೂ ಇರಲಿಲ್ಲ, ಅಮ್ಮಾ! ಹೋಗಿ ನೋಡಿದರೆ ತುಟಿ ನೀಲಿ. ಅಲ್ಲಾಡಿಸಿದರೂ ಕಣ್ಣು ಬಿಡಲಿಲ್ಲ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯಾಕೆ "ಹೊಸ ಸೊಸೆಗೆ ಗಾಬರಿ ಜಾಸ್ತಿ" ಎಂದಳು. ಅಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಆ ಮದ್ದನ್ನು ಇಳಿಸುವ ಇಂಜೆಕ್ಷನ್ ಕೊಟ್ಟಮೇಲೇ ಅವರು ಕಣ್ಣು ಬಿಟ್ಟದ್ದು. ಬೆನ್ನುನೋವಿಗೆಂದು ಮಗನ ಮಾತ್ರೆ ನುಂಗಿ, ಮೇಲೆ ತಮ್ಮ ನಿದ್ದೆ ಮಾತ್ರೆಯನ್ನೂ ನುಂಗಿದ್ದರಂತೆ. ಈಗ ಹುಷಾರಾಗಿ ಮನೆಯಲ್ಲಿದ್ದಾರೆ.

ಬಂದು ಹೋಗುವವರೆಲ್ಲ "ಎಲ್ಲ ಗ್ರಹಚಾರ" ಎನ್ನುತ್ತಾರೆ. ಯಾವ ಗ್ರಹ? ಬಿಸ್ಕತ್ತಿನ ಡಬ್ಬವೇ? ಇವತ್ತು ಅದನ್ನು ನಾನೇ ನೆಲಕ್ಕೆ ಸುರಿದು, ಉಳಿದ ಆ ಮಾತ್ರೆಗಳನ್ನು ಆಸ್ಪತ್ರೆಗೆ ಹಿಂದಿರುಗಿಸಲು ಎತ್ತಿಟ್ಟೆ.

ಅಪ್ಪನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಪಟಾಕಿ

ತಾ.ಕ.: ಅಮ್ಮಾ, ಲಕೋಟೆ ಅಂಟಿಸುವಾಗ ಅತ್ತೆ ಅಳುತ್ತಾ ಬಂದರು. "ಮಗನನ್ನ ನೋಡೋಕೆ ಬಂದಾಗ ಬೀಗಿತ್ತಿ ಮೊಣಕಾಲು ನೋವು ಅಂದ್ರು, ಹೊರಡುವಾಗ ಅವರ ಬ್ಯಾಗಿಗೂ ಆ ಮಾತ್ರೆಯ ಒಂದು ಸ್ಟ್ರಿಪ್ ಹಾಕಿದ್ದೆ" ಎಂದರು. ನಿನ್ನ ಭರ್ಜರಿ ನಿದ್ದೆಗೆ ನಾನು ಕುಣಿದೆನಲ್ಲ! ನೀನು ಫೋನ್ ಎತ್ತುತ್ತಿಲ್ಲ, ಅಪ್ಪನೂ ಎತ್ತುತ್ತಿಲ್ಲ. ಬಾಗಿಲು ಬಡಿಯಲು ಎದುರುಮನೆ ಟೀಚರಿಗೆ ಹೇಳಿದ್ದೇನೆ. ಮೈದುನ ಬೈಕ್ ತೆಗೆದಿದ್ದಾನೆ. ಕೊಟ್ಟ ಕೈಯಿಂದಲೇ ವಾಪಸ್ ತರುತ್ತೇನೆಂದು ಅತ್ತೆಯೂ ಹಿಂದೆ ಹತ್ತಿದ್ದಾರೆ, ಈ ಪತ್ರ ಅವರ ಕೈಯಲ್ಲೇ ಬರುತ್ತಿದೆ. ನಾಚಿಕೆಪಟ್ಟು "ಮುಗಿದುಹೋಯ್ತು" ಎನ್ನಬೇಡ. ಉಳಿದದ್ದು ಕೊಡು, ಎಷ್ಟು ನುಂಗಿದ್ದೀಯ ಹೇಳು, ಅವರ ಜೊತೆ ನೇರ ಆಸ್ಪತ್ರೆಗೆ ಹೋಗು. ಜಗಳ ಆಮೇಲೆ ಆಡೋಣ. ಮೊದಲು ಫೋನ್ ಎತ್ತಮ್ಮಾ.