ಒಂದೂ ಹತ್ತರ ಅಪ್‌ಲೋಡ್

8 ಜುಲೈ 2024, ಸೋಮವಾರ
ಹೊಸಹಳ್ಳಿ ಕಡೆ ಮತ್ತೆ ನಮ್ಮ ಇಂಟರ್ನೆಟ್ ಫೈಬರ್ ಕಟ್. ಫೋನ್ ಎತ್ತಿ ಎತ್ತಿ ಕಿವಿ ಬಿಸಿ. ಮಾಲೀಕ ಗಾದಿಲಿಂಗಪ್ಪನವರಿಗೆ ಬೇರೆಯೇ ತಲೆನೋವು — ಪ್ಲಾನ್ ಮುಗಿಯುವ ಗ್ರಾಹಕರಿಗೆ ನಮಗಿಂತ ಮೊದಲು ಎದುರು ಕಂಪನಿಯಿಂದ ಫೋನ್ ಹೋಗುತ್ತಿದೆಯಂತೆ. ಪಟ್ಟಿ ನಮ್ಮ ಆಫೀಸಿನಿಂದಲೇ ಸೋರುತ್ತಿದೆ, ಹುಡುಕು ಅಂದರು.
ಮಧ್ಯಾಹ್ನ ಎಂದಿನಂತೆ ಸೀನಿಯರ್ ಹುಲುಗೇಶಣ್ಣ ಊಟಕ್ಕೆ ಎಬ್ಬಿಸಿ ಕಳಿಸಿದ. ಎರಡು ವರ್ಷದಿಂದ ಹೀಗೇ. ನಾನು ಮನೆಗೆ ಹೋಗಿ ಬರುವ ತನಕ ನನ್ನ ಸಿಸ್ಟಮ್ ಮುಂದೆ ಅವನು. ಲಾಗ್‌ಔಟ್ ಮಾಡುವುದಿಲ್ಲ, ನೆಟ್‌ವರ್ಕ್ ಅಲಾರಂ ಬಂದರೆ ಅವನು ನೋಡಬೇಕಲ್ಲ. ಒಡಹುಟ್ಟಿದವನೂ ಇಷ್ಟು ಕಾಳಜಿ ಮಾಡುತ್ತಿರಲಿಲ್ಲ.

9 ಜುಲೈ
ಫ್ಲೋ ಅಂದರೆ ಏನು ಎಂದು ಕಲಿಸಿದ್ದೂ ಅವನೇ. ನೆಟ್‌ವರ್ಕಿನಲ್ಲಿ ಡೇಟಾ ಓಡಾಟದ ದಾಖಲೆ ಅದು. ಎಪಿಎಂಸಿ ಗೇಟಿನಲ್ಲಿ ಲಾರಿ ಬರೆದುಕೊಂಡ ಹಾಗೆ — ಎಲ್ಲಿಂದ, ಎಲ್ಲಿಗೆ, ಯಾವಾಗ, ಎಷ್ಟು ಭಾರ. ಒಳಗೇನಿದೆ ಎಂದು ಕಾಣದು. ಸ್ಯಾಂಪ್ಲಿಂಗ್ ಸಾವಿರಕ್ಕೊಂದು ಇಟ್ಟಿದ್ದಾನೆ. ಸಾವಿರ ಪ್ಯಾಕೆಟ್‌ಗೆ ಒಂದನ್ನು ಮಾತ್ರ ನೋಡುವುದು, ರೂಟರ್‌ಗೆ ಹೊರೆ ಕಡಿಮೆ. ಆದರೆ ಸಣ್ಣಪುಟ್ಟದ್ದು ತಪ್ಪಿಸಿಕೊಳ್ಳುತ್ತದೆ. ಅವನಿಗೆ ಹೇಳದೆ ನಾನು ಸ್ಯಾಂಪ್ಲಿಂಗ್ ತೆಗೆದುಹಾಕಿದೆ, ಇನ್ನು ಎಲ್ಲ ಪ್ಯಾಕೆಟ್ಟೂ ದಾಖಲಾಗುತ್ತದೆ. ಹೇಳಿದ್ದರೆ ಬೇಡ ಅನ್ನುತ್ತಿದ್ದ...

12 ಜುಲೈ, ಸಂಜೆ 6
ಮೂರು ದಿನವೂ ಮಧ್ಯಾಹ್ನ ಒಂದೂ ಹತ್ತಕ್ಕೆ. ಸಣ್ಣ ಅಪ್‌ಲೋಡ್, ಹೊರಗಿನ ಒಂದೇ ವಿಳಾಸಕ್ಕೆ. ಸೋರ್ಸ್ ಐಪಿ, ಅಂದರೆ ಕಳಿಸಿದ ಯಂತ್ರದ ವಿಳಾಸ — ನನ್ನ ಸಿಸ್ಟಮ್ಮಿನದು. ಮತ್ತೆ ಮತ್ತೆ ನೋಡಿದೆ. ಆ ಹೊತ್ತಿಗೆ ನಾನು ಮನೆಯಲ್ಲಿರುತ್ತೇನೆ.

13 ಜುಲೈ
ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕುರ್ಚಿ ಬಿಡಲಿಲ್ಲ. ಹುಲುಗೇಶಣ್ಣ ಎರಡು ಸಲ ಬಂದ.
"ಮನಿಗೆ ಹೋಗಿ ಬಿಸಿ ರೊಟ್ಟಿ ಉಂಡು ಬಾರವ್ವ. ಕುರ್ಚಿ ನಾ ನೋಡ್ಕಂತೀನಿ."
ಏಳಲಿಲ್ಲ. ಇವತ್ತು ಅಪ್‌ಲೋಡ್ ಇಲ್ಲ. ನನ್ನ ಹಸಿವಿನ ಮೇಲೆ ಇವನಿಗೆ ಯಾಕೆ ಅಷ್ಟು ಅಕ್ಕರೆ ಎಂದು ಈಗ ತಿಳಿಯಿತು.

15 ಜುಲೈ
ಮಾಲೀಕರಿಗೆ ಹೇಳುವ ಮೊದಲು ಫ್ಲೋ ರಿಪೋರ್ಟ್ ಕೈಗಿಟ್ಟು ಅವನನ್ನೇ ಕೇಳಿದೆ. ಅಣ್ಣ ಅಂದವನ ಮೇಲೆ ಹಿಂದಿನಿಂದ ಚಾಡಿ ಹೇಳುವುದು ಹೇಗೆ? ಪಟ್ಟಿ ಕಳಿಸುತ್ತಿದ್ದದ್ದು ತಾನೇ ಎಂದು ಒಪ್ಪಿಕೊಂಡ. ಕಣ್ಣಲ್ಲಿ ನೀರು. ಎರಡು ದಿನ ಕೊಡು, ನಾನೇ ಹೋಗಿ ಮಾಲೀಕರಿಗೆ ಹೇಳುತ್ತೇನೆ ಎಂದ. ನಂಬಿದೆ.

18 ಜುಲೈ, ಮಧ್ಯಾಹ್ನ 3
ಹೇಳಿದ್ದಾನೆ — ನಾನೇ ಕಳ್ಳಿ ಎಂದು. ನಾನು ತೆಗೆದ ರಿಪೋರ್ಟನ್ನೇ ಪ್ರಿಂಟ್ ಹಾಕಿ ಕೊಟ್ಟಿದ್ದಾನೆ. ಮಾಲೀಕರು ಐಪಿ ಮೇಲೆ ಬೆರಳಿಟ್ಟರು.
"ಇದು ನಿನ್ ಸಿಸ್ಟಮ್ ಹೌದಿಲ್ಲೋ, ಸಮತಾ?"
ಹೌದು. ಲಾಗಿನ್ನೂ ನನ್ನದೇ. ಯಂತ್ರ ಯಾವುದೆಂದು ಫ್ಲೋ ಹೇಳುತ್ತದೆ, ಕೂತವರು ಯಾರೆಂದು ಹೇಳುವುದಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದೆ ಬಂದು ಕೈ ಮುಗಿದ.
"ಸಣ್ಣಾಕಿ ಅದಾಳ ಸರ್. ಪೊಲೀಸು ಬ್ಯಾಡ್ರಿ, ಬಿಟ್ಬಿಡ್ರಿ."
ನನ್ನ ಪರವಾಗಿ! ಅವನ ಧ್ವನಿ ನಡುಗುತ್ತಿತ್ತು ಕೂಡ. ನಾಳೆ ಹತ್ತರೊಳಗೆ ತಪ್ಪೊಪ್ಪಿಗೆ ಬರೆದುಕೊಟ್ಟು ಹೋಗು ಅಂದರು ಮಾಲೀಕರು.

19 ಜುಲೈ, ಬೆಳಗ್ಗೆ 8
ರಗಳೆ ಯಾಕೆ, ಬರೆದುಕೊಟ್ಟು ಬಾ, ಬೇರೆ ಕೆಲಸ ಸಿಗುತ್ತದೆ ಅನ್ನುತ್ತಾಳೆ ಅಮ್ಮ. ಕಳ್ಳಿಗೆ ಈ ಕೊಟ್ಟೂರಿನಲ್ಲಿ ಯಾರು ಕೆಲಸ ಕೊಡುತ್ತಾರೆ?
ಪತ್ರ ಹಾಳೆಗೆ ಇಳಿಸುವ ಮೊದಲು ಇಲ್ಲೇ ಬರೆದು ನೋಡುತ್ತೇನೆ.
ಮಾನ್ಯರೇ, 13ನೇ ತಾರೀಖು ನಾನು ಊಟಕ್ಕೆ ಏಳಲಿಲ್ಲ. ಅಂದು ಅಪ್‌ಲೋಡ್ ಆಗಿಲ್ಲ, ರೆಕಾರ್ಡ್ ನೋಡಿ. ಉಳಿದ ದಿನ ಒಂದೂ ಹತ್ತಕ್ಕೆ ನನ್ನ ಕುರ್ಚಿಯಲ್ಲಿ ಕೂತವರು ಹುಲುಗೇಶಣ್ಣ
ಬೇಡ. ಹೆಸರಿನ ಕೊನೆಯ 'ಅಣ್ಣ' ಹೊಡೆದುಹಾಕಬೇಕು.
ಕೂತವನು ಹುಲುಗೇಶ.